ಯಲಹಂಕ ಕೆರೆಯಲ್ಲಿ ಭೂಮಿ ಅಳೆದದ್ದು

ಭೂಮಿ ದುಂಡಗಿದೆಯೋ ಚಪ್ಪಟೆಯೋ ಎನ್ನುವುದರ ಮೇಲೆ ನನ್ನ ಮದುವೆ ನಿಂತಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಬೇಸಿಗೆಯಲ್ಲಿ ನನಗಂತೂ ನಗು ಬರುತ್ತಿರಲಿಲ್ಲ. ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ಎಂಟನೇ ಕ್ಲಾಸು ಪಾಸು ಮಾಡಿ ಕೂತಿದ್ದೆ. ಹೈಸ್ಕೂಲಿಗೆ ರೈಲು ಹತ್ತಿ ಯಶವಂತಪುರಕ್ಕೆ ಹೋಗಬೇಕಿತ್ತು. ಸೋಲದೇವನಹಳ್ಳಿಯ ಗಂಡಿನ ಕಡೆಯವರು ಅಷ್ಟರೊಳಗೆ ಎರಡು ಸಲ ಬಂದು, ಕಾಫಿ ಕುಡಿದು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋಗಿದ್ದರು. ನನಗೆ ಹದಿನಾಲ್ಕು ತುಂಬಿತ್ತು.

ಮನೆಯಲ್ಲಿ ಕೊನೆಯ ಮಾತು ತಾತನದು. ಅಪ್ಪ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ, ವಾರಕ್ಕೊಂದು ದಿನ ಮನೆಗೆ ಬರುತ್ತಿದ್ದ. ಬಂದಾಗಲೂ ತಾತನ ಎದುರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ತಾತ ಯಲಹಂಕ ಕೆರೆಯ ನೀರುಗಂಟಿ. ತೂಬು ಎತ್ತಿ ಕೆರೆಯ ನೀರು ಬಿಡುವುದು, ತೂಬು ಇಳಿಸಿ ನಿಲ್ಲಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನ ಮಾಡುವುದು, ಹೊಸ ಕಾಲುವೆ ತೋಡುವಾಗ ಮಟ್ಟ ನೋಡುವುದು, ಎಲ್ಲ ಅವನ ಕೆಲಸ. ತೂಬು ಎತ್ತುವ ಕಬ್ಬಿಣದ ಕೋಲು ನಮ್ಮ ಮನೆಯ ಬಾಗಿಲ ಹಿಂದೆ ಇರುತ್ತಿತ್ತು. ಕೆರೆಯ ಕೆಳಗಿನ ರೈತರು ಅಮಲ್ದಾರರ ಮಾತನ್ನಾದರೂ ಮೀರಿಯಾರು, ನೀರಿನ ವಿಷಯದಲ್ಲಿ ತಾತನ ಮಾತು ಮೀರುತ್ತಿರಲಿಲ್ಲ. ಅವನು ಬಗ್ಗಿ, ಒಂದು ಕಣ್ಣು ಮುಚ್ಚಿ, ಇಲ್ಲಿಂದ ಅಲ್ಲಿಗೆ ಎರಡು ಬೆರಳು ಇಳಿಜಾರು ಅಂದರೆ ಅಳೆದವರಿಗೂ ಎರಡೇ ಬೆರಳು ಸಿಗುತ್ತಿತ್ತು.

ತಾತನಿಗೆ ಓದು ಬರದು, ಆದರೆ ಪೇಪರಿನ ಹುಚ್ಚು ವಿಪರೀತ. ಸಂತೆ ಬೀದಿಯ ಹೋಟೆಲಿನವರು ಹಿಂದಿನ ದಿನದ ಪೇಪರನ್ನು ಅವನಿಗೆಂದು ತೆಗೆದಿಡುತ್ತಿದ್ದರು. ಸಂಜೆ ಕೆರೆ ಏರಿಯ ಮೇಲೆ ಅವನು ಕೂರುವುದು, ನಾನು ಗಟ್ಟಿಯಾಗಿ ಓದುವುದು, ಗದ್ದೆಯಿಂದ ಹಿಂದಿರುಗುವ ನಾಲ್ಕಾರು ಜನ ಗುದ್ದಲಿ ಊರಿ ನಿಂತು ಕೇಳುವುದು, ಇದು ವರ್ಷಗಳಿಂದ ನಡೆದು ಬಂದಿತ್ತು. ಎಲ್ಲ ಶುರುವಾದದ್ದು ಅಲ್ಲೇ. ಭೂಮಿಯ ತೀರಾ ತೆಂಕಣ ತುದಿಯ ಹಿಮದ ನೆಲವನ್ನು ಕೆಲವರು ಒಂದು ದಡದಿಂದ ಇನ್ನೊಂದು ದಡದವರೆಗೆ ದಾಟಿದರು ಎಂದು ಆ ವರ್ಷ ಪೇಪರಿನಲ್ಲಿ ಬಂತು. ನಡುವೆ ದಕ್ಷಿಣ ಧ್ರುವವನ್ನೂ ಮುಟ್ಟಿ ಹೋದರಂತೆ. ನಾನು ಓದಿ ಮುಗಿಸಿ, ದೊಡ್ಡ ಜಾಣೆಯ ಹಾಗೆ, "ಅದು ಭೂಮಿಯ ತಳ ತಾತ, ಕಿತ್ತಳೆ ಹಣ್ಣಿನ ತೊಟ್ಟಿನ ಎದುರು ಭಾಗ ಇರ್ತದಲ್ಲ, ಹಂಗೆ" ಎಂದೆ.

ತಾತ ಬೀಡಿ ಬಾಯಿಂದ ತೆಗೆದ. "ತಳ ಯಾವುದು? ಭೂಮಿ ಒಕ್ಕಣೆ ಕಣ ಇದ್ದಂಗೆ ಕಣವ್ವ. ನಡುವೆ ಸಮ, ಸುತ್ತ ಒಡ್ಡು. ಅವ್ರು ಓಗಿರೋದು ಒಡ್ಡಿನ ತಾವ್ಕೆ."

"ಹಂಗಾದ್ರೆ ಆ ಹಿಮ?"

"ಇಮ ಅಂತ ಅವ್ರು ಅನ್ಕಂಡವ್ರೆ. ಆಲಿನ ಸಮುದ್ರ ಎಪ್ಪುಗಟ್ಟಿರೋದು ಅದು. ಬೆಳ್ಳಗೈತೋ ಇಲ್ವೋ?"

ಗುದ್ದಲಿ ಊರಿ ನಿಂತವರು ತಲೆದೂಗಿದರು. ಹರಿಕಥೆ ಕೇಳಿ ಬೆಳೆದವರು, ಉಪ್ಪಿನ ಸಮುದ್ರದಾಚೆ ಹಾಲಿನದೂ ಮೊಸರಿನದೂ ಇದೆ ಎನ್ನುವುದು ಅವರಿಗೆ ಹೆಬ್ಬಾಳ ಇದೆ ಎನ್ನುವಷ್ಟೇ ಖಚಿತ. ನನಗೆ ಮೈ ಉರಿಯಿತು. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿದರಲ್ಲ, ಒಡ್ಡಾಗಿದ್ದರೆ ಆಚೆಗೆ ಬೀಳಬೇಕಿತ್ತು ಎಂದು ಕೂಗಿದೆ. ತಾತ ಕೆರೆಯ ಕಡೆ ಕೈ ಮಾಡಿದ. "ಕೋಡಿಯಿಂದ ತೂಬಿನ್ ತಂಕ ಏರಿ ಮ್ಯಾಲೆ ನಡ್ಕಂಡು ಬಂದ್ರೆ ಕೆರೆ ದಾಟ್ದಂಗಾ? ಅಂಗೇ ಅವ್ರೂನೂ, ಅಂಚಿನ ಮ್ಯಾಲೇ ನಡ್ದವ್ರೆ."

ಆಮೇಲೆ ದಿನಾ ಅದೇ ಆಯಿತು. ನಾನು ಹೆಡ್‌ಮೇಷ್ಟ್ರ ಮನೆಗೆ ಓಡಿ ಭೂಗೋಳದ ಪುಸ್ತಕ ತರುವುದು, ತಾತ ಅದರಲ್ಲಿದ್ದುದನ್ನೇ ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಧ್ರುವದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದೆ. ಅದು ದೇವತೆಗಳ ಹಗಲು ರಾತ್ರಿ, ನಮ್ಮವರು ಯಾವ ಕಾಲಕ್ಕೋ ಹೇಳಿದ್ದಾರೆ ಎಂದ. ಅಲ್ಲಿ ಯಾವ ಕಡೆ ತಿರುಗಿ ನಿಂತರೂ ಉತ್ತರವೇ ಎಂದೆ. ಅಂಥ ಕಡೆ ಮನೆ ಕಟ್ಟುವವನು ಬಾಗಿಲು ಎತ್ತ ಇಡುತ್ತಾನೆ ಎಂದು ಕೇಳಿ ಜನರನ್ನು ನಗಿಸಿದ. ದೂರ ಹೋಗುವ ಹಡಗಿನ ತಳ ಮೊದಲು ಮರೆಯಾಗುತ್ತದೆ ಎಂದು ಚಿತ್ರ ತೋರಿಸಿದೆ. ತಾತ ಚಿತ್ರವನ್ನು ಬಹಳ ಹೊತ್ತು ನೋಡಿದ.

"ನೀ ಅಡಗು ನೋಡಿದ್ದೀಯಾ?"

"ಇಲ್ಲ."

"ಸಮುದ್ರ?"

"ಇಲ್ಲ."

"ನಾನೂ ನೋಡಿಲ್ಲ. ನಾನು ನೋಡಿರೋದು ಈ ನೀರು. ನಲವತ್ತು ವರ್ಷದಿಂದ ನೋಡ್ತಿದೀನಿ, ನಿಂತ ನೀರಿಗಿಂತ ಸಮ ಇನ್ನೊಂದಿಲ್ಲ. ಭೂಮಿ ದುಂಡಗಿದ್ರೆ ನೀರೂ ಉಬ್ಬಬೇಕು. ನೀರು ಉಬ್ತದೆ ಅಂತ ಕಲಿಸೋ ಇಸ್ಕೂಲಿಗೆ ನಮ್ಮನೆ ಎಣ್ಣುಮಗೀನ ಯಾಕ್ ಕಳಿಸ್ಲಿ ನಾನು?"

ಈ ಮಾತು ಬಂದ ಮೇಲೆ ಅದು ಸಂಜೆಯ ಹರಟೆಯಾಗಿ ಉಳಿಯಲಿಲ್ಲ. ಅವನು ಹಟಕ್ಕೆ ಹೇಳಿದ್ದಲ್ಲ, ಅದು ನನಗೂ ಗೊತ್ತಿತ್ತು. ನೀರು ಉಬ್ಬುತ್ತದೆ ಎಂದು ಒಪ್ಪಿಕೊಂಡರೆ ಅವನು ಕಟ್ಟಿಸಿದ ಒಂದೊಂದು ಕಾಲುವೆಯ ಮೇಲೂ ಅನುಮಾನ ಬರುತ್ತಿತ್ತು. ಅವ್ವ ಒಲೆಯ ಮುಂದಿನಿಂದಲೇ ಬುದ್ಧಿ ಹೇಳಿದಳು. "ವಾದ ಬಿಟ್ಬಿಡು. ತಾತನ ಕಾಲು ಹಿಡ್ಕಂಡು ಅಳು, ಓದ್ಸು ಅನ್ನು. ಅಳೋರ್ನ ಅವ್ನು ಯಾವತ್ತೂ ತಳ್ಳಿಲ್ಲ." ಅವಳ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ಮೂಗಿನ ತುದಿಯ ಸಿಟ್ಟು ಆಗಲೂ ಈಗಲೂ ಒಂದೇ. ಗೆದ್ದು ಹೋಗಬೇಕೇ ಹೊರತು ಅತ್ತು ಹೋಗಬಾರದು ಎಂದುಕೊಂಡೆ.

ಒಂದು ಗುರುವಾರ ಸೋಲದೇವನಹಳ್ಳಿಯಿಂದ ಹೇಳಿಕೆ ಬಂತು. ಸೋಮವಾರ ತಾಂಬೂಲ ಬದಲಾಯಿಸಲು ಬರುತ್ತೇವೆ, ಸಿದ್ಧವಾಗಿರಿ ಎಂದು. ಅಂದು ಸಂಜೆ ಏರಿಯ ಮೇಲೆ ಪೇಪರನ್ನು ಮಡಚಿ ಬದಿಗಿಟ್ಟು, ಅಷ್ಟು ಜನರ ಎದುರಿಗೇ ಕೇಳಿದೆ. "ತಾತ, ಕಾಲುವೆ ಮಟ್ಟ ನೋಡ್ತೀಯಲ್ಲ, ಹಂಗೆ ಕೆರೆ ನೀರಿನ ಮಟ್ಟ ನೋಡು. ನೀರು ಉಬ್ಬಿದ್ರೆ ನನ್ನ ಹೈಸ್ಕೂಲಿಗೆ ಕಳಿಸ್ತೀಯಾ?"

ಜನ ತಾತನ ಮುಖ ನೋಡಿದರು. "ಉಬ್ದೆ ಇದ್ರೆ?" ಎಂದ.

"ಸೋಮವಾರ ನೀನು ಹೇಳ್ದಂಗೆ."

"ಆಗ್ಲಿ. ಶನಿವಾರ ಬೆಳಗ್ಗೆ ನೋಡನ. ನೀರು ಸುಳ್ಳು ಯೋಳಲ್ಲ."

ತಾತ ಮಟ್ಟ ನೋಡುವ ಕ್ರಮ ಇದು. ಒಂದೇ ಎತ್ತರದ ಮೂರು ಕೋಲು ನೆಡುತ್ತಾನೆ, ಈ ತುದಿಗೊಂದು, ಆ ತುದಿಗೊಂದು, ನಡುವೆ ಒಂದು. ಮೊದಲ ಕೋಲಿನ ತಲೆಯ ಮೇಲಿಂದ ಕೊನೆಯ ಕೋಲಿನ ತಲೆಯನ್ನು ನೋಡುತ್ತಾನೆ. ನಡುವಿನದು ಅದೇ ಗೆರೆಗೆ ಬಂದರೆ ನೆಲ ಸಮ, ಮೇಲೆದ್ದರೆ ಅಲ್ಲಿ ನೆಲ ಉಬ್ಬಿದೆ ಎಂದು ಅರ್ಥ. ಇನ್ನೊಂದು ಕಟ್ಟಳೆಯೂ ಇತ್ತು. ನೀರುಗಂಟಿ ನೋಡಿದ ಮೇಲೆ ಕಾಲುವೆಯ ಮೇಲ್ಗಡೆ ಗದ್ದೆಯವನೊಬ್ಬ, ಕೆಳಗಡೆ ಗದ್ದೆಯವನೊಬ್ಬ ಅದೇ ಗೆರೆ ನೋಡಿ ಹೌದು ಅನ್ನಬೇಕು. ಯಾರ ಪರವಾಗಿ ಮಟ್ಟ ಹಿಡಿದ ಎನ್ನುವ ಮಾತು ಬರಬಾರದಲ್ಲ, ಅದಕ್ಕೆ. ನಲವತ್ತು ವರ್ಷದಲ್ಲಿ ಆ ಇಬ್ಬರೂ ಅಲ್ಲ ಅಂದದ್ದು ಒಂದು ಸಲವೂ ಇರಲಿಲ್ಲವಂತೆ.

ಶನಿವಾರ ಬೆಳಗ್ಗೆ ಗಾಳಿ ಏಳುವ ಮೊದಲೇ ಹೋದೆವು. ಬೇಸಿಗೆಯ ನೀರು ಇಳಿದು, ಕೆರೆಯ ಮೇಲ್ಭಾಗದಲ್ಲಿ ಆಳ ಸೊಂಟದವರೆಗಷ್ಟೇ ಇತ್ತು. ಆ ದಡದಿಂದ ಈ ದಡಕ್ಕೆ ಮುಕ್ಕಾಲು ಮೈಲಿ. ನಮ್ಮೂರಿನ ಯಾರೂ ಅದಕ್ಕಿಂತ ದೊಡ್ಡ ನೀರು ಕಂಡವರಲ್ಲ, ಸಮುದ್ರವೆಂದರೂ ಇದರ ನಾಲ್ಕಷ್ಟು ಇದ್ದೀತು ಎಂದುಕೊಂಡವರು. ಅಷ್ಟು ನೀರು ಉಬ್ಬದೇ ಇದ್ದೀತೇ ಎಂದು ನಾನೂ ನಂಬಿದ್ದೆ. ತಾತ ಬಿದಿರಿನ ಮೂರು ಗಳು ತಂದಿದ್ದ. ಮೂರಕ್ಕೂ ತುದಿಯಿಂದ ನಾಲ್ಕು ಮೊಳ ಅಳೆದು ಹುರಿ ಕಟ್ಟಿದ. ಹುರಿ ಸರಿಯಾಗಿ ನೀರು ಮುಟ್ಟುವಂತೆ ಗಳು ನಿಲ್ಲಬೇಕು. ದೂರಕ್ಕೆ ಕಾಣಲೆಂದು ಆಚೆಯದಕ್ಕೆ ಕೆಂಪು ಬಟ್ಟೆ, ನಡುವಿನದಕ್ಕೆ ಬಿಳಿ ಬಟ್ಟೆ ಕಟ್ಟಿದ. ಎರಡು ದಡದವು ಗಟ್ಟಿಯಾಗಿ ನಿಂತವು. ನಡುವೆ ಕೆಸರು, ಗಳು ನೆಟ್ಟರೆ ನಿಲ್ಲದು, ಯಾರಾದರೂ ಹಿಡಿದುಕೊಂಡಿರಬೇಕು.

"ನಾನ್ ಹಿಡ್ಕತೀನಿ" ಎಂದೆ. ಆಗ ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇದನ್ನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಲಂಗ ಎತ್ತಿ ಕಟ್ಟಿ ನೀರಿಗಿಳಿದೆ. ನಡುವಿಗೆ ಹೋಗುವಷ್ಟರಲ್ಲಿ ಕಾಲು ಕೆಸರಿನಲ್ಲಿ ಹೂತು ಸಾಕಾಯಿತು. ಗಳು ನಿಲ್ಲಿಸಿ, ಹುರಿ ನೀರಿಗೆ ತಾಗಿಸಿ ಹಿಡಿದೆ. ದಡದಲ್ಲಿ ಜನ ಕಡ್ಡಿಗಳಷ್ಟು ಸಣ್ಣಗೆ ಕಾಣುತ್ತಿದ್ದರು. ಗೆರೆ ಸಮ ಬಂದರೆ ಟವೆಲು ಒಂದು ಸಲ ಎತ್ತುತ್ತೇನೆ, ಮೇಲೆದ್ದರೆ ಬೀಸುತ್ತೇನೆ ಎಂದು ತಾತ ಹೇಳಿದ್ದ. ಅವನು ಬಗ್ಗಿದ. ಬಗ್ಗಿದವನು ಏಳಲಿಲ್ಲ.  ನೀರಿನೊಳಗೆ ಏನೋ ನನ್ನ ಮೀನಖಂಡಕ್ಕೆ ತಾಗಿ ಹೋಯಿತು, ನಾನು ಅಲ್ಲಾಡಲಿಲ್ಲ. ಕೊನೆಗೆ ಅವನು ನೆಟ್ಟಗಾದ. ಟವೆಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.

ನೀರು ಸಮ ಇತ್ತು.

ನನಗೆ ಮೊದಲು ಬಂದದ್ದು ಅಳುವಲ್ಲ, ಆಶ್ಚರ್ಯ. ಪುಸ್ತಕ ಸುಳ್ಳೇ? ಹಿಮದಲ್ಲಿ ನಡೆದವರು, ಮೇಷ್ಟ್ರು, ಪೇಪರು, ಎಲ್ಲರೂ ಸುಳ್ಳೇ? ಆಮೇಲೆ ಸೋಮವಾರ ನೆನಪಾಯಿತು. ಸೋಲದೇವನಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬಳು ನನ್ನ ಜಡೆ ಹಿಡಿದು ಉದ್ದ ನೋಡಿದ್ದು ನೆನಪಾಯಿತು. ದಡದಲ್ಲಿ ಮೇಲ್ಗಡೆಯವನು ಬಗ್ಗಲು ಮುಂದೆ ಬರುತ್ತಿದ್ದ. ಅವನು ಬಗ್ಗುವುದಕ್ಕೂ ನನ್ನ ಕೈ ಗಳುವನ್ನು ಮೇಲಕ್ಕೆ ಎಳೆಯುವುದಕ್ಕೂ ಸರಿಹೋಯಿತು. ಕೆಸರು ಬಿಟ್ಟುಕೊಟ್ಟ ಸದ್ದು ನನಗೊಬ್ಬಳಿಗೇ ಕೇಳಿಸಿತು. ಹುರಿ ನೀರು ಬಿಟ್ಟು ಒಂದು ಮೊಳ ಮೇಲೆ ಬಂತು. ಮೊಣಕೈಯಿಂದ ಬೆರಳ ತುದಿಯವರೆಗೆ, ಸರಿಯಾಗಿ ಒಂದು ಮೊಳ. ಗಳುವನ್ನು ಎದೆಗೆ ಒತ್ತಿ ಹಿಡಿದು ನಿಂತೆ.

ಮೇಲ್ಗಡೆಯವನು ನೋಡಿ ಎದ್ದು ಏನೋ ಕೂಗಿದ. ಕೆಳಗಡೆಯವನು ನೋಡಿದ, ಅವನೂ ಕೂಗಿದ. ತಾತ ಇಬ್ಬರನ್ನೂ ಬದಿಗೆ ಸರಿಸಿ ಮತ್ತೆ ಬಗ್ಗಿದ.  ಈಗ ಇಳಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು, ಇಳಿಸಲಿಲ್ಲ. ತಾತ ಎದ್ದ, ಕಣ್ಣು ಒರೆಸಿಕೊಂಡ, ಮೂರನೇ ಸಲ ಬಗ್ಗಿದ. ಎಷ್ಟೋ ಹೊತ್ತಿನ ಮೇಲೆ ಟವೆಲು ನಿಧಾನಕ್ಕೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬೀಸಿತು.

ದಡಕ್ಕೆ ಬಂದಾಗ ಯಾರೂ ಸಂಭ್ರಮದಲ್ಲಿರಲಿಲ್ಲ. ಇಬ್ಬರೂ ರೈತರು ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತಿದ್ದರು. "ನಡುವಿಂದು ಎದ್ದೈತೆ ಕಣಣ್ಣ, ನಮ್ಗೇನು ಕಂಡ್ತೋ ಅದ್ನೇ ಯೋಳಿದ್ದೀವಿ" ಎಂದು ಒಬ್ಬ ಮತ್ತೆ ಮತ್ತೆ ಹೇಳುತ್ತಿದ್ದ. ತಾತ ನನ್ನ ತಲೆಯ ಮೇಲೆ ಕೈಯಿಟ್ಟ. "ನೀನೇ ಗೆದ್ದೆ ಅಮ್ಮಣ್ಣಿ. ಇಸ್ಕೂಲಿಗೆ ಓಗು" ಎಂದ. ಅವನ ಕೈ ತಣ್ಣಗಿತ್ತು. ನೀರಿನಲ್ಲಿ ನಿಂತಿದ್ದವಳು ನಾನು, ತಣ್ಣಗಾದದ್ದು ಅವನ ಕೈ.

ಸೋಲದೇವನಹಳ್ಳಿಗೆ ಬರಬೇಡಿ ಎಂದು ಹೇಳಿಕಳಿಸಿದ. ಸೋಮವಾರ ಬೆಳಗ್ಗೆ ಬಾಗಿಲ ಹಿಂದಿನ ಕಬ್ಬಿಣದ ಕೋಲನ್ನು ಹೆಗಲಿಗೇರಿಸಿ ಏರಿಗೆ ಹೊರಟ. ಏಕೋ ಭಯವಾಗಿ ನಾನೂ ಹಿಂದೆ ಹೋದೆ. ಅಂದು ನೀರಿನ ಪಾಳಿ ಹಂಚುವ ದಿನ, ಎಲ್ಲರೂ ಸೇರಿದ್ದರು. ತಾತ ಕೋಲನ್ನು ತನ್ನ ತಮ್ಮನ ಮಗನ ಕೈಗೆ ಕೊಟ್ಟ.

"ಇನ್ ಮ್ಯಾಲೆ ತೂಬು ಇವ್ನು ನೋಡ್ಕತಾನೆ. ಇಬ್ರಿಗೆ ಕಂಡಿದ್ದು ನಂಗೆ ಮೊದ್ಲು ಕಾಣ್ಲಿಲ್ಲ. ನೀರಿನ ಮಟ್ಟ ತಪ್ಪೋ ಕಣ್ಣು ತೂಬಿನ್ ಮುಂದೆ ನಿಲ್ಬಾರ್ದು."

ಜನ ಬೇಡವೆಂದರು, ಬೇಡಿಕೊಂಡರು. ಅವನು ಕೇಳಲಿಲ್ಲ. ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಒಂದೇ ಒಂದು ಮಾತು ಸಾಕಿತ್ತು. ಹೇಳಿದರೆ ಶಾಲೆ ಹೋಗುತ್ತದೆ, ಮೋಸಗಾತಿ ಎನ್ನಿಸಿಕೊಳ್ಳುತ್ತೇನೆ, ಸೋಲದೇವನಹಳ್ಳಿಯವರು ಮತ್ತೆ ಬರುತ್ತಾರೆ. ಹೇಳಲಿಲ್ಲ. ನಾನು ಕೆಟ್ಟವಳು ಎಂದು ಜೀವನದಲ್ಲಿ ಮೊದಲ ಸಲ ನನಗೆ ಸ್ಪಷ್ಟವಾಗಿ ಗೊತ್ತಾದದ್ದು ಆಗ.

ಜೂನಿನಲ್ಲಿ ತಾತನೇ ಸ್ಟೇಷನ್ನಿನವರೆಗೆ ಬಂದು ರೈಲು ಹತ್ತಿಸಿದ. ಮೊದಲ ವರ್ಷ, ಹೈಸ್ಕೂಲಿನ ಗಣಿತ ಕೈಗೆ ಬಂದ ಕೂಡಲೇ ಲೆಕ್ಕ ಹಾಕಿದೆ. ಮುಕ್ಕಾಲು ಮೈಲಿ ನೀರು ನಡುವಿನಲ್ಲಿ ಉಬ್ಬುವುದು ಒಂದು ಅಂಗುಲಕ್ಕೆ ತುಸು ಹೆಚ್ಚು. ಆ ದೂರದಿಂದ ಅದು ಯಾವ ಕಣ್ಣಿಗೂ ಕಾಣದು. ನಾನು ಎತ್ತಿದ ಒಂದು ಮೊಳದ ಲೆಕ್ಕದಲ್ಲಿ ಭೂಮಿ ಎಷ್ಟು ದೊಡ್ಡದಾಗುತ್ತದೆ ಎಂದೂ ನೋಡಿದೆ. ನೂರು ದಿನ ನಡೆದರೆ ಪೂರ್ತಿ ಸುತ್ತಿ ಮನೆಗೆ ಬರಬಹುದಾದಷ್ಟು ಪುಟ್ಟ ಭೂಮಿ ಅದು. ಪುಸ್ತಕ ಸುಳ್ಳಲ್ಲ, ತಾತನ ಕಣ್ಣೂ ಸುಳ್ಳಲ್ಲ. ರೈಲಿನ ಕಿಟಕಿಯ ಪಕ್ಕ ಕೂತು ಆ ಲೆಕ್ಕ ಬರೆದಿದ್ದ ಚೀಟಿಯನ್ನು ಹರಿದು ಹಾಕಿದೆ.

ಹೇಳಬೇಕು ಎಂದು ಪ್ರತಿ ವರ್ಷ ಅಂದುಕೊಂಡೆ. ಎಸ್ಸೆಸ್ಸೆಲ್ಸಿ ಆಗಲಿ ಎಂದುಕೊಂಡೆ, ಆಯಿತು. ಟ್ರೈನಿಂಗ್ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಕೋಗಿಲಿನ ಶಾಲೆಯಲ್ಲಿ ಟೀಚರಾದೆ. ನೆಪಗಳೆಲ್ಲ ಮುಗಿದ ಮೇಲೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಕೆರೆಯ ಕೆಳಗೆ ಜಗಳಗಳು ಶುರುವಾಗಿದ್ದವು. ಹೊಸ ನೀರುಗಂಟಿ ಬೇಕಾದವರಿಗೆ ಎರಡು ಗಳಿಗೆ ಹೆಚ್ಚು ಬಿಡುತ್ತಾನೆ, ಅವನು ಹಿಡಿದ ಮಟ್ಟಕ್ಕೆ ನೀರು ಹತ್ತುವುದಿಲ್ಲ ಎಂದು ಗೊಣಗಾಟ. ತಾತನನ್ನು ಕೇಳಲು ಬಂದವರಿಗೆ ಅವನು, "ನನ್ ಕಣ್ಣು ನಂಬ್ಬೇಡ್ರಪ್ಪ" ಎನ್ನುತ್ತಿದ್ದ. ಮದುವೆಯ ಮಾತು ಬಂದಾಗ ಮಾತ್ರ ಮೊದಲಿನ ದನಿ ಬರುತ್ತಿತ್ತು. "ನಮ್ಮುಡ್ಗಿ ಭೂಮಿ ಅಳ್ದವ್ಳು. ಅವ್ಳಿಗೆ ಯಾವಾಗ ಬೇಕೋ ಆವಾಗ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಅರವತ್ತರ ದಶಕದ ನಡುವೆ ಊರಿನವರ ಗುಂಪಿನ ಜೊತೆ ತಾತ ಕಾಶಿಗೆ ಹೋದ. ಅಷ್ಟು ದೂರ ಅವನು ಹೋದದ್ದು ಅದೇ ಮೊದಲು. ಬಂದ ದಿನ ಬೆಳಗ್ಗೆ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಕಾಶಿ ದಾರ ಹಂಚಿದ. ಜನ ಹೋದ ಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಗೆಲುವಿತ್ತು. ಗಂಗೆಯ ವಿಷಯ ಹೇಳುತ್ತಾನೆ ಎಂದುಕೊಂಡೆ.

"ಧ್ರುವ ನಕ್ಷತ್ರ ನಮ್ಮ ನಂದಿ ಬೆಟ್ಟದ್ ದಿಕ್ಕಿಗೆ ಕಾಣ್ತದಲ್ಲ" ಎಂದು ತೋಳು ಚಾಚಿ ಮುಷ್ಟಿ ಹಿಡಿದ. "ಇಂಗ್ ಇಡ್ದು ನೋಡಿದ್ರೆ ನೆಲದಿಂದ ಒಂದು ಮುಷ್ಟಿ, ಎರಡು ಬೆರಳು. ರಾತ್ರಿ ನೀರು ತಿರುಗ್ಸಕ್ಕೆ ಓದಾಗೆಲ್ಲ ನೋಡಿದ್ದೆ, ಒಂದಿನ ಎಚ್ಚಿಲ್ಲ, ಕಮ್ಮಿ ಇಲ್ಲ. ಕಾಶಿಲಿ ನೋಡಿದ್ರೆ ಎರಡೂವರೆ ಮುಷ್ಟಿ!"

ನಾನು ಅವನ ಕಡೆಗೆ ತಿರುಗಿ ಕೂತೆ. ತಾತ ಮುಂದುವರಿಸಿದ.

"ಅತ್ರ ಓದ್ವಿ, ಅದ್ಕೆ ಮೇಲಕ್ ಕಾಣ್ತದೆ ಅನ್ಕಂಡೆ. ಅತ್ರ ಓದ್ರೆ ದೀಪ ದೊಡ್ಡದಾಗ್ಬೇಕಲ್ವಾ? ಅದು ಅಷ್ಟೇ ಇತ್ತು. ರೈಲಲ್ಲಿ ಬರ್ತಾ ಎರಡು ದಿನ ಯೋಚ್ನೆ ಮಾಡ್ದೆ. ಮೇಲಕ್ ಬಂದಿದ್ದು ಅದಲ್ಲ. ಬಗ್ಗಿದ್ದು ನಾವು ನಿಂತಿದ್ ನೆಲ. ಅಂಗಾದ್ರೆ ಇನ್ನೂ ಬಡಗಲಿಗೆ ಓಗ್ತಾ ಓಗ್ತಾ ಅದು ನೆತ್ತಿಗೇ ಬರ್ತದೆ, ಅಲ್ವಾ? ಆ ಇಮದೋರು ಓಗಿದ್ರಲ್ಲ ತೆಂಕ್ಲಾಗೆ, ಅವ್ರಿಗೆ ಧ್ರುವ ಕಾಣೋದೇ ಇಲ್ಲ, ಅಲ್ವಾ?"

"ಕಾಣಲ್ಲ ತಾತ. ಭೂಮಿ ಮರೆಯಾಗ್ತದೆ."

"ನೋಡ್ದಾ! ಯಾರೂ ಯೋಳ್ಕೊಡ್ಲಿಲ್ಲ ನಂಗೆ. ಆವತ್ತು ಕೆರೇಲಿ ನನ್ ಕಣ್ಣು ಕೈಕೊಡ್ತು, ಈವತ್ತು ಮಾತ್ ಉಳಿಸ್ಕಂಡ್ತು" ಎಂದು ಮಗುವಿನ ಹಾಗೆ ನಕ್ಕ.

ಆ ನಗು ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಬಾರದಿದ್ದ ಮಾತು ಆಗ ತಾನಾಗಿಯೇ ಬಂತು. "ಆವತ್ತೂ ನಿನ್ನ ಕಣ್ಣು ಕೈಕೊಡ್ಲಿಲ್ಲ ತಾತ. ನೀನು ನೋಡಿದ ಮೇಲೆ ನಾನು ಗಳು ಎತ್ತಿ ಹಿಡ್ದೆ."

ತಾತನ ನಗು ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿದಿತ್ತು, ಅದನ್ನು ತೆಗೆಯಬೇಕೆಂದು ಅವನಿಗೆ ಹೊಳೆಯಲಿಲ್ಲವೇನೋ. ಆಮೇಲೆ ಕೇಳಿದ, "ಎಷ್ಟು?"

"ಒಂದು ಮೊಳ."

"ನಿಜವಾಗಿ ಎಷ್ಟ್ ಉಬ್ಬಿರ್ತದೆ?"

"ಒಂದಂಗುಲದ ಮೇಲೆ ಚೂರು."

ಅವನು ಗೋಡೆಯ ಕಡೆ ನೋಡುತ್ತ ಮನಸ್ಸಿನಲ್ಲೇ ಅಳೆದ. "ಅಷ್ಟು ದೂರಕ್ಕೆ ಒಂದಂಗುಲ ಯಾವನ್ಗೂ ಕಾಣಲ್ಲ."

"ಕಾಣಲ್ಲ."

"ನನ್ ಕಣ್ಣು ಸರಿಯಾಗಿತ್ತು."

"ಸರಿಯಾಗಿತ್ತು ತಾತ."

ನಾನು ಅವನ ಕಾಲು ಹಿಡಿದುಕೊಂಡು ಅತ್ತೆ. ಅಳುವವರನ್ನು ಅವನು ತಳ್ಳುವುದಿಲ್ಲ ಎಂದು ಅವ್ವ ಹೇಳಿದ್ದು ಸುಳ್ಳಾಯಿತು. ಕಾಲು ಎಳೆದುಕೊಂಡು ಎದ್ದ. "ಆರೇಳು ವರ್ಷ ನೀರಿಗೆ ಮೊಕ ತೋರಿಸ್ದೆ ಬದುಕಿದ್ದೀನಿ ಕಣೇ" ಎಂದ. ಬೈದದ್ದು ಅಷ್ಟೇ. ಅಂದು ಅವನು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ, ಅದನ್ನು ಯಾರೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಶಾಲೆಗೆ ಹೊರಡುತ್ತಿದ್ದೆ. ತಾತ ಬಾಗಿಲಿಗೆ ಅಡ್ಡ ನಿಂತ. "ಈವತ್ತು ಪಾಳಿ ಅಂಚ್ತಾರೆ. ಬಾ. ಅಲ್ಲೇ ಬಂದು ಯೋಳು."

ಏರಿಯ ಮೇಲೆ ಮೂವತ್ತು ಜನರಿದ್ದರು. ಅವರಲ್ಲಿ ಎಷ್ಟೋ ಜನ ಕೋಗಿಲಿನಲ್ಲೂ ಬಂಧುಬಳಗ ಇದ್ದವರು. ಅವರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು, ನನ್ನನ್ನು ಕಂಡರೆ ಟೀಚರಮ್ಮ ಎಂದು ಕೈ ಮುಗಿಯುತ್ತಿದ್ದರು. ಆ ಇಬ್ಬರು ರೈತರೂ ಇದ್ದರು, ಒಬ್ಬ ಈಗ ಕೋಲು ಊರಿಕೊಂಡು ನಿಂತಿದ್ದ.  ನಾನು ಒಂದೇ ಉಸಿರಿಗೆ ಹೇಳಿದೆ. ತಾತ ನೋಡಿದಾಗ ಗಳು ಸರಿಯಾಗಿ ನಿಂತಿತ್ತು, ಆಮೇಲೆ ನಾನು ಒಂದು ಮೊಳ ಎತ್ತಿದೆ, ಹೈಸ್ಕೂಲಿನ ಆಸೆಗೆ ಎತ್ತಿದೆ, ತಾತನ ಕಣ್ಣಿನಲ್ಲಿ ಅಂದು ದೋಷ ಇರಲಿಲ್ಲ, ಆ ಕಣ್ಣನ್ನು ನೀವು ನಂಬಬಹುದಿತ್ತು ಎಂದೆ.

 ಹೊಸ ನೀರುಗಂಟಿ ತನ್ನ ಕೈಯಲ್ಲಿದ್ದ ಕಬ್ಬಿಣದ ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟ. ಎತ್ತಿಕೋ ಎಂದು ಯಾರೋ ತಾತನಿಗೆ ಹೇಳಿದರು. ತಾತ ತನ್ನ ಅಂಗೈ ನೋಡಿಕೊಂಡು ಬೇಡವೆಂದು ತಲೆಯಾಡಿಸಿದ. ಅದನ್ನು ಎತ್ತುವ ತೋಳು ಆ ವರ್ಷಗಳಲ್ಲಿ ಹೋಗಿಬಿಟ್ಟಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು.

ಆಗ ಕೋಲು ಊರಿ ನಿಂತಿದ್ದ ಮುದುಕ ಕೇಳಿದ, "ಅಂಗಾದ್ರೆ ಭೂಮಿ ಚಪ್ಪಟೆನೇ ಅನ್ನು. ಇಷ್ಟು ದಿನ ಟೀಚರಮ್ಮ ನಮ್ಮೈಕ್ಳಿಗೆ ದುಂಡಗೈತೆ ಅಂತ ಯೋಳ್ಕೊಟ್ಟಿದ್ದು ಸುಳ್ಳು?"

ಎಲ್ಲರೂ ನನ್ನ ಕಡೆ ತಿರುಗಿದರು. ಅಂಗುಲದ ಲೆಕ್ಕ, ಹಿಮದ ನೆಲ, ಧ್ರುವ, ಎಲ್ಲ ನನಗೆ ಗೊತ್ತಿತ್ತು. ಬಾಯಿ ತೆರೆದೆ. ನನ್ನ ಒಂದು ಮಾತನ್ನೂ ಇನ್ನು ಇವರು ನಂಬುವುದಿಲ್ಲ ಎನ್ನುವುದು ಅವರ ಮುಖಗಳ ಮೇಲೇ ಇತ್ತು.

ತಾತ ನನ್ನ ಮುಂದೆ ಬಂದು ನಿಂತ.

"ಭೂಮಿ ದುಂಡಗೇ ಐತೆ. ನಾನೇ ಕಂಡಿದ್ದೀನಿ. ಸುಳ್ಳು ಇವ್ಳೊಬ್ಳೇ."